ನಮ್ಮಪ್ಪನ ಮೂರನೇ ಪುಟವನ್ನು ತಿಂದವೆನ್ನಲಾದ ಗೆದ್ದಲುಗಳಿಗೆ

ಮಾನ್ಯ ಗೆದ್ದಲುಗಳೇ,

ದಾಖಲೆ ಭಂಡಾರದ ನೆಲಮಾಳಿಗೆಯಲ್ಲಿ ಸಪರಿವಾರ ಬಿಡಾರ ಹೂಡಿರುವ ತಮಗೂ, ಮಣ್ಣಿನ ಅರಮನೆಯಲ್ಲಿ ವಿರಾಜಮಾನರಾಗಿರುವ ತಮ್ಮ ಮಹಾರಾಣಿಯವರಿಗೂ, ಲೆಕ್ಕಕ್ಕೆ ಸಿಗದ ತಮ್ಮ ಮಕ್ಕಳುಮರಿಗಳಿಗೂ ಎಪ್ಪತ್ತೆರಡು ವರ್ಷದ, ಹೈಸ್ಕೂಲು ಪಾಸಾದ ಹೆಂಗಸೊಬ್ಬಳ ಸಾದರ ನಮಸ್ಕಾರಗಳು. ನಾನೂ ಐದು ಮಕ್ಕಳನ್ನೂ ಮೂವರು ಮೈದುನರನ್ನೂ ಒಂದು ದಾರಿಗೆ ಹಚ್ಚಿದವಳಾದ್ದರಿಂದ ಮಹಾರಾಣಿಯವರ ಕಷ್ಟ ನನಗೆ ಅರ್ಥವಾಗುತ್ತದೆ. ಅಷ್ಟು ಬಾಯಿಗಳಿಗೆ ಹೊತ್ತುಹೊತ್ತಿಗೆ ಒದಗಿಸುವುದು ಹುಡುಗಾಟದ ಮಾತಲ್ಲ.

ಬರೆಯಲು ಕಾರಣವಿಷ್ಟೆ. ಅರುವತ್ತು ವರ್ಷ ಹಿಂದಿನ ದಿನಪತ್ರಿಕೆಯೊಂದರ ಮೂರನೇ ಪುಟವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ನಾನು ಭಂಡಾರಕ್ಕೆ ಅರ್ಜಿ ಹಾಕಿದ್ದೆ. ‘ತಾವು ಕೋರಿರುವ ಸಂಪುಟವನ್ನು ಗೆದ್ದಲು ತಿಂದಿರುವುದರಿಂದ ಒದಗಿಸಲಾಗದೆಂದು ವಿಷಾದದಿಂದ ತಿಳಿಸಲಾಗಿದೆ’ ಎಂದು ಮೊಹರು ಒತ್ತಿದ ಉತ್ತರ ಹೋದ ವಾರ ಬಂತು. ಅಲ್ಲಿಗೆ ಆ ಪುಟದ ಕಡೆಯ ಓದುಗರು ತಾವೇ ಎಂದಾಯಿತು. ಉಂಡವರನ್ನು ಬಿಟ್ಟು ಬಡಿಸಿದವರನ್ನು ಅಡುಗೆಯ ರುಚಿ ಕೇಳುವವಳು ನಾನಲ್ಲವಾದ್ದರಿಂದ ಈ ಪತ್ರವನ್ನು ನೇರವಾಗಿ ತಮಗೇ ಬರೆಯುತ್ತಿದ್ದೇನೆ.

ತಾವು ತಿಂದದ್ದು ಏನೆಂದು ತಮಗೆ ಗೊತ್ತಿರಬೇಕು. ನಮ್ಮಪ್ಪ ರೈಲ್ವೆ ಗೇಟು ಕಾಯುತ್ತಿದ್ದರು. ಒಂದು ಮಧ್ಯಾಹ್ನ ಗೇಟು ತೆರೆದಿದ್ದಾಗಲೇ ಗೂಡ್ಸು ಗಾಡಿ ಬಂದು ಇಟ್ಟಿಗೆ ಲಾರಿಗೆ ಹೊಡೆಯಿತು. ಲಾರಿ ಚಾಲಕ ಒಂದು ಕಾಲು ಕಳೆದುಕೊಂಡ. ಮರುದಿನ ಪತ್ರಿಕೆಯ ಮೊದಲ ಪುಟದಲ್ಲಿ, ನನ್ನ ಅಂಗೈಯಷ್ಟು ದಪ್ಪ ಅಕ್ಷರಗಳಲ್ಲಿ, ‘ಗೇಟು ಕಾಯುವವನ ಊಟದ ನಂತರದ ನಿದ್ದೆ’ ಎಂದು ಬಂತು. ಸುಮಾರು ಮೂರು ವಾರದ ಮೇಲೆ ವಿಚಾರಣೆ ಮುಗಿದು, ಹಿಂದಿನ ನಿಲ್ದಾಣದಿಂದ ಗೇಟಿಗೆ ಬರಬೇಕಾದ ಗಂಟೆಯ ತಂತಿ ಬೆಳಗ್ಗೆಯೇ ತುಂಡಾಗಿತ್ತೆಂದೂ, ಗಂಟೆ ಮೊಳಗಲೇ ಇಲ್ಲವೆಂದೂ, ಗೇಟು ಕಾಯುವವನು ಎಚ್ಚರವಾಗಿಯೇ ಇದ್ದು, ಕಡೆ ಗಳಿಗೆಯಲ್ಲಿ ಕೆಂಪು ಬಾವುಟ ಹಿಡಿದು ಹಳಿಯ ಮೇಲೆ ಓಡಿದ್ದನೆಂದೂ ಪತ್ರಿಕೆ ಒಪ್ಪಿಕೊಂಡಿತು. ಆರು ಸಾಲು. ಮೂರನೇ ಪುಟ. ಕೂದಲೆಣ್ಣೆಯ ಜಾಹೀರಾತಿನ ಕೆಳಗೆ.

ಮೊದಲ ಪುಟವನ್ನು ಊರೇ ಓದಿತ್ತು, ಮೂರನೆಯದನ್ನು ನಾವು ಮಾತ್ರ ಓದಿದೆವು. ಹೀಗಾಗಿ ನಮ್ಮದು ‘ನಿದ್ದೆಗೇಟಿನವರ ಮನೆ’ ಆಯಿತು. ಶಾಲೆಯಲ್ಲಿ ನಾನು ‘ನಿದ್ದೆಗೇಟಿನ ಹುಡುಗಿ’ ಆದೆ. ಅಪ್ಪ ಮತ್ತೆ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಆ ಗೇಟನ್ನೇ ಕಾದರು. ಇಲಾಖೆಯವರು ಕೊಟ್ಟಿದ್ದ ಕುರ್ಚಿಯಲ್ಲಿ ಮಾತ್ರ ಒಂದು ದಿನವೂ ಕೂರಲಿಲ್ಲ.

ಆ ಆರು ಸಾಲನ್ನು ಯಾಕಮ್ಮ ಕಾಪಾಡಿಕೊಳ್ಳಲಿಲ್ಲ ಎಂದು ತಾವು ಕೇಳಬಹುದು. ಕೇಳುವ ಹಕ್ಕು ತಮಗಿದೆ. ಅಮ್ಮ ಆ ಪತ್ರಿಕೆಯನ್ನು ಮಡಿಸಿ ಪೆಟ್ಟಿಗೆಯ ಮೇಲಿಟ್ಟಿದ್ದರು. ಹನ್ನೆರಡು ವರ್ಷದ ನಾನು, ಪುಸ್ತಕಕ್ಕೆ ರಟ್ಟು ಹಾಕದೆ ಬಂದವರು ಹೊರಗೆ ನಿಲ್ಲಬೇಕೆಂದು ಮೇಷ್ಟ್ರು ಹೇಳಿದ್ದರಿಂದ, ಅದನ್ನೇ ತೆಗೆದು ಗಣಿತದ ಪುಸ್ತಕಕ್ಕೆ ಹೊದಿಸಿದೆ. ವರ್ಷದ ಕೊನೆಗೆ ಆ ಪುಸ್ತಕವನ್ನು ಕೆಳಗಿನ ತರಗತಿಯ ಹುಡುಗಿಗೆ ಅರ್ಧ ಬೆಲೆಗೆ ಕೊಟ್ಟೂ ಬಿಟ್ಟೆ. ಅಪ್ಪ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಈ ಸಂಗತಿಯನ್ನು ನನ್ನ ಮಕ್ಕಳಿಗೂ ನಾನು ಹೇಳಿಲ್ಲ. ತಾವೂ ಕಾಗದ ಹಾಳುಮಾಡುವ ಕಸುಬಿನವರೆಂದು ತಮ್ಮ ಮುಂದೆ ಹೇಳಿಕೊಂಡಿದ್ದೇನೆ.

ಈಗ ನನ್ನ ಚಿಕ್ಕಪ್ಪನ ಮಗ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ನಮ್ಮ ಮನೆತನದ ಚರಿತ್ರೆಯನ್ನು ಪುಸ್ತಕ ಮಾಡಿಸುತ್ತಿದ್ದಾನೆ. ಅದರಲ್ಲಿ ಅಪ್ಪನ ಹೆಸರಿನ ಕೆಳಗೆ ಆ ಮೊದಲ ಪುಟದ ಚಿತ್ರ ಅಚ್ಚಾಗಲಿದೆ. ಸುಮ್ಮನಿರುವ ಜಾಯಮಾನ ನನ್ನದಲ್ಲ, ಜಾಡಿಸಿದೆ. ಅವನು ಕನ್ನಡಕ ಒರೆಸುತ್ತ ಹೇಳಿದ್ದು ಇಷ್ಟು: “ಅಕ್ಕಾ, ದೊಡ್ಡಪ್ಪ ನಿದ್ದೆ ಮಾಡಿಲ್ಲ ಅಂತ ನಂಗೂ ಗೊತ್ತು. ಕಾಗದ ತೋರ್ಸು, ಅದನ್ನೂ ಹಾಕ್ತೀನಿ. ಬರೀ ಬಾಯಿಮಾತು ಹಾಕಿದ್ರೆ ನಾಳೆ ಅತ್ತೆ ಮಕ್ಕಳು ಬಂದು ಅವರಪ್ಪ ಬರಿಗೈಲಿ ಚಿರತೆ ಹಿಡಿದಿದ್ದ ಅಂತ ಹಾಕಿಸ್ತಾರೆ.” ಅತ್ತೆ ಮಕ್ಕಳನ್ನು ಬಲ್ಲ ನಾನು ಎದ್ದು ಬಂದೆ.

ಹಾಗೆ ನಾನು ಭಂಡಾರದ ಮೆಟ್ಟಿಲು ಹತ್ತಿದ್ದು. ಓದುವ ಕೋಣೆ ಹನ್ನೊಂದಕ್ಕೆ ತೆರೆದು ಹನ್ನೆರಡೂವರೆಗೆ ಮುಚ್ಚುತ್ತದೆ, ನಡುವೆ ಚಹಾ. ಅರ್ಜಿಯಲ್ಲಿ ಪತ್ರಿಕೆಯ ಖಚಿತ ತಾರೀಖು ಬರೆಯಬೇಕು. ತಾರೀಖು ತಿಳಿಯಲು ಸೂಚಿ ನೋಡಬೇಕು. ಸೂಚಿ ಒಳಗಿನ ಕೋಣೆಯಲ್ಲಿದೆ, ಒಳಗಿನ ಕೋಣೆಗೆ ಹೋಗಲು ಅರ್ಜಿ ಮಂಜೂರಾಗಬೇಕು. ಆ ಆರು ಸಾಲು ಬಂದಿರಬಹುದಾದ ವಾರದಲ್ಲಿ ಪತ್ರಿಕೆ ಹೊರಬಂದ ಆರೂ ತಾರೀಖು ಬರೆದರೆ, ಒಂದು ಅರ್ಜಿಗೆ ಒಂದೇ ತಾರೀಖೆಂದು ವಾಪಸು ಬಂತು. ಆರು ಅರ್ಜಿ ಬರೆದರೆ, ಒಬ್ಬರಿಗೆ ತಿಂಗಳಿಗೆ ಒಂದೇ ಅರ್ಜಿಯೆಂದು ಐದು ವಾಪಸು ಬಂದವು. ಉಳಿದ ಒಂದಕ್ಕೆ ಬಂದದ್ದೇ ಆ ಗೆದ್ದಲಿನ ಉತ್ತರ. ಗುಮಾಸ್ತ ಒಳ್ಳೆಯವನೇ. “ಅಜ್ಜೀ, ಸತ್ತೋರ ಸುದ್ದಿ ಈಗ್ಯಾಕೆ, ಆರಾಮಾಗಿರಿ” ಎಂದು ಕುಡಿಯಲು ನೀರು ಕೊಟ್ಟ. “ನೀನು ಸತ್ತೋರ ಸುದ್ದಿ ಕಾಯೋಕೇ ಸಂಬಳ ತಗೊಳ್ತಿಲ್ವೇನಪ್ಪ?” ಎಂದೆ. ಆಮೇಲೆ ಅವನು ಅಭಿಮಾನದಿಂದ ಕಂಪ್ಯೂಟರ್ ತಿರುಗಿಸಿ, ಎಲ್ಲ ನಾನೂರು ಸಂಪುಟಗಳೂ ಅದರೊಳಗೆ ಬಂದಿವೆಯೆಂದು ತೋರಿಸಿದ. ನೋಡಿದೆ. ನಾನೂರು ರಟ್ಟುಗಳಿದ್ದವು. ಒಳಗಿನ ಹಾಳೆಗಳು ಎರಡನೇ ಹಂತದಲ್ಲಂತೆ.

ಇದನ್ನೆಲ್ಲ ಕಂಡ ಮೇಲೆ ತಮ್ಮ ಬಗ್ಗೆ ನನಗಿದ್ದ ಗೌರವ ಇಮ್ಮಡಿಯಾಯಿತು. ಅರ್ಜಿಯಿಲ್ಲ, ಗುರುತಿನ ಚೀಟಿಯಿಲ್ಲ, ಹನ್ನೆರಡೂವರೆಯ ಗಂಟೆಯಿಲ್ಲ. ಸಾರ್ವಜನಿಕರಿಗೆ ಮುಕ್ತವೆಂದು ಬಾಗಿಲ ಮೇಲೆ ಬರೆದಿರುವ ಆ ಭಂಡಾರವನ್ನು ನಿಜಕ್ಕೂ ಮುಕ್ತವಾಗಿ ಬಳಸಿಕೊಂಡ ಸಾರ್ವಜನಿಕರು ತಾವೊಬ್ಬರೇ. ಆದ್ದರಿಂದ ಮೂರು ವಿನಂತಿಗಳಿವೆ. ತಮ್ಮಲ್ಲಿ ಆ ಮೂರನೇ ಪುಟವನ್ನು ಉಂಡ ಹಿರಿಯರು ಯಾರಾದರೂ ಇದ್ದರೆ ಅದರ ತಾರೀಖು ಹೇಳಬೇಕು. ಆರು ಸಾಲುಗಳನ್ನು ನೆನಪಿನಿಂದ ಒಪ್ಪಿಸಿ, ಬರೆಸಿಕೊಂಡು ರುಜು ಹಾಕಬೇಕು. ಹೆಬ್ಬೆಟ್ಟು ಇಲ್ಲದಿದ್ದರೆ ಯಾವ ಕಾಲಾದರೂ ಆದೀತು. ಮೂರನೆಯದಾಗಿ, ನನ್ನೊಡನೆ ಆ ಡ್ರಾಯಿಂಗ್ ಮೇಷ್ಟ್ರ ಮನೆಗೆ ಬಂದು ಸಾಕ್ಷಿ ನುಡಿಯಬೇಕು. ಸ್ಟೀಲು ಡಬ್ಬಿಯಲ್ಲಿ ಕರೆದೊಯ್ಯುತ್ತೇನೆ, ಮುಚ್ಚಳಕ್ಕೆ ಗಾಳಿಯಾಡಲು ತೂತು ಕೊರೆಸಿದ್ದೇನೆ.

ಇಷ್ಟು ಬರೆದು ಅಂಚೆಗೆ ಹಾಕಬೇಕೆಂದಿದ್ದಾಗ, ಮೇಷ್ಟ್ರ ಪುಸ್ತಕಕ್ಕೆ ಹೋಗಲಿರುವ ಆ ಮೊದಲ ಪುಟದ ನಕಲನ್ನು ಇನ್ನೊಮ್ಮೆ ತರಿಸಿ ನೋಡಿದೆ. ಅದರ ಮೂಲೆಯಲ್ಲಿ ಭಂಡಾರದ ಮೊಹರಿದೆ, ಹೋದ ತಿಂಗಳ ತಾರೀಖಿದೆ, ಸಂಪುಟದ ಸಂಖ್ಯೆಯೂ ಇದೆ. ನಾನು ಕೇಳಿದ್ದೂ ಅದೇ ಸಂಪುಟ. ಅಪಘಾತದ ತಾರೀಖು ಚಿಕ್ಕಪ್ಪನ ಡೈರಿಯಲ್ಲಿತ್ತಾದ್ದರಿಂದ ಮೇಷ್ಟ್ರಿಗೆ ನಾಲ್ಕೇ ದಿನದಲ್ಲಿ ನಕಲು ಸಿಕ್ಕಿತಂತೆ. ಹೋದ ತಿಂಗಳು ಹುಳು ಹಿಡಿಯದ ಸಂಪುಟವನ್ನು ತಾವು ಈ ತಿಂಗಳು ಆರು ಬೇರೆ ಬೇರೆ ತಾರೀಖುಗಳ ಸಮೇತ ಮುಗಿಸಿದಿರೇ? ಮಹಾರಾಣಿಯವರ ಹಸಿವನ್ನು ಎಷ್ಟೇ ಗೌರವಿಸಿದರೂ ನನಗೆ ನಂಬಿಕೆ ಬರುತ್ತಿಲ್ಲ. ನೆಲಮಾಳಿಗೆಯ ಬಾಗಿಲು ತೆರೆದು ನೋಡದ ಸೋಮಾರಿತನಕ್ಕೆ ಯಾರದೋ ಹೆಸರು ಬೇಕಿತ್ತು, ತಮ್ಮ ಹೆಸರು ಹತ್ತಿರದಲ್ಲಿತ್ತು. ವಿಚಾರಣೆಯಿಲ್ಲದೆ ಹೊರಿಸಿದ ಅಪವಾದ ಎಂಥದೆಂದು ಬಲ್ಲ ಮನೆಯ ಮಗಳು ನಾನು. ತಮ್ಮನ್ನು ಕಳ್ಳರೆಂದುಕೊಂಡು ಇಷ್ಟುದ್ದ ಬರೆದದ್ದಕ್ಕೆ ಕ್ಷಮೆ ಬೇಡುತ್ತೇನೆ. ನಾನು ಯಾರ ಕ್ಷಮೆಯನ್ನೂ ಸುಲಭಕ್ಕೆ ಬೇಡುವವಳಲ್ಲವೆಂಬುದು ತಮ್ಮ ಗಮನದಲ್ಲಿರಲಿ.

ತಾವು ತಿನ್ನಲಿಲ್ಲವೆಂದು ಬಲವಾಗಿ ನಂಬಿರುವ,
ತಮ್ಮ ವಿಶ್ವಾಸಿ,
ಗೇಟು ಕಾಯುವವರ ಹಿರಿಮಗಳು

ಮರೆತ ಮಾತು: ಪುಸ್ತಕದಲ್ಲಿ ಅಪ್ಪನ ಪುಟವನ್ನು ಹತ್ತು ದಿನ ತಡೆಹಿಡಿಯಲು ಮೇಷ್ಟ್ರು ಒಪ್ಪಿದ್ದಾನೆ. ಅಷ್ಟರಲ್ಲಿ ನೆಲಮಾಳಿಗೆಯ ಆ ಕೋಣೆ ತೆರೆಯದಿದ್ದರೆ, ಅಪ್ಪನ ಹೆಸರಿನ ಕೆಳಗೆ ಭಂಡಾರದ ಮೇಲಧಿಕಾರಿಗಳ ಪೂರ್ತಿ ಹೆಸರು, ಭಾವಚಿತ್ರ ಹಾಗೂ ‘ಕೆಲಸದ ವೇಳೆಯಲ್ಲಿ ನಿದ್ರಿಸುತ್ತಿದ್ದರು’ ಎಂಬ ಒಂದು ಸಾಲು ಅಚ್ಚಾಗುತ್ತದೆ. ಇದಕ್ಕೆ ಕಾಗದದ ಸಾಕ್ಷಿಯಾಗಿ ಅವರದೇ ಮೊಹರಿನ ಉತ್ತರ ನನ್ನ ಬಳಿ ಇದೆ. ಪುಸ್ತಕದ ಒಂದು ಪ್ರತಿಯನ್ನು ಭಂಡಾರಕ್ಕೂ ಕಳಿಸುತ್ತೇನೆ. ಅದು ಸುಳ್ಳೆಂದು ತೋರಿಸಲು ನಾಳೆ ಅವರ ಮೊಮ್ಮಕ್ಕಳು ದಾಖಲೆ ಹುಡುಕುತ್ತ ಅಲ್ಲಿಗೆ ಬಂದರೆ, ದಯವಿಟ್ಟು ಅಂದೇ ತಾವು ಊಟಕ್ಕೆ ಕುಳಿತುಕೊಳ್ಳಿ.