ಇಳಿಜಾರು ಹುಡುಕುವ ಕಾರು

ಪರವೂರಿಗೆ ಹೋದವರು ಗುಡಿ ನೋಡುತ್ತಾರೆ, ಒಳ್ಳೆಯ ಹೋಟೆಲು ವಿಚಾರಿಸುತ್ತಾರೆ. ನಾನು ಇಳಿಜಾರು ನೋಡುತ್ತೇನೆ. ಚನ್ನರಾಯಪಟ್ಟಣದಲ್ಲಿ ಬಾಡಿಗೆ ಮನೆ ಹುಡುಕುವಾಗಲೂ ನೀರಿನ ಸಂಗತಿ ಕೇಳದೆ, ರಸ್ತೆ ಯಾವ ಕಡೆ ವಾಲಿದೆ ಎಂದು ಕೇಳಿ ಹೆಂಡತಿ ಸರೋಜಳಿಂದ ಬೈಸಿಕೊಂಡವನು ನಾನು. ಎಲ್ಲಕ್ಕೂ ಕಾರಣ ನನ್ನ ಹಳೆಯ ಕಾರು. ಎರಡು ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಅದರ ಮೀಟರೇ ಬೇಸತ್ತು ನಿಂತಿದೆ. ಸೆಲ್ಫ್ ಹೊಡೆದರೆ ಕೆಮ್ಮುತ್ತದೆಯೇ ಹೊರತು ಏಳುವುದಿಲ್ಲ. ಇಳಿಜಾರಿನಲ್ಲಿ ಉರುಳಲು ಬಿಟ್ಟು, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟರೆ ಮಾತ್ರ ಹೊರಡುತ್ತದೆ.

ಖಾಸಗಿ ಶಾಲೆಯ ಮೇಷ್ಟರಿಗೆ ಹೊಸ ಸೆಲ್ಫ್ ಮೋಟಾರು ಹಾಕಿಸುವುದು ಸುಲಭವಲ್ಲ. ಹಾಸನದ ಮೆಕ್ಯಾನಿಕ್ಕೇ ಬೇಡವೆಂದ. "ಒಂದು ಒಸ್ದು ಆಕುದ್ರೆ ಉಳ್ದವೆಲ್ಲಾ ನಂಗೂ ಒಸ್ದು ಬೇಕು ಅಂತವೆ ಸಾ. ಇಳಿಜಾರಲ್ಲಿ ನಿಲ್ಸಿ, ಚಕ್ರುಕ್ಕೊಂದು ಕಲ್ಲು ಕೊಡಿ." ಹ್ಯಾಂಡ್‌ಬ್ರೇಕು ಹೆಸರಿಗಷ್ಟೇ ಇದ್ದುದರಿಂದ ಹೊಳೆನರಸೀಪುರದ ಹೊಳೆದಂಡೆಯಲ್ಲಿ ಒಂದು ಗಂಟೆ ಅಲೆದು, ಉರುಳದಂಥ ಕಲ್ಲೊಂದನ್ನು ಆರಿಸಿ ಡಿಕ್ಕಿಯಲ್ಲಿಟ್ಟುಕೊಂಡೆ. ಹೆಣ್ಣು ನೋಡುವಾಗಲೂ ನಾನು ಅಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ.

ಕಳೆದ ತಿಂಗಳು ನುಗ್ಗೇಹಳ್ಳಿಯಲ್ಲಿರುವ ಸರೋಜಳ ಅಕ್ಕನ ಮನೆಗೆ ಊಟಕ್ಕೆ ಹೊರಟೆವು. ಹೊರಡುವಾಗಲೇ ಸರೋಜ ಹೇಳಿದಳು: "ನೋಡಿ, ಅಕ್ಕನ ಮನೆ ಮುಂದೆ ಏನಾದ್ರೂ ತಳ್ಳಿಸ್ಕೊಂಡ್ರೆ, ನಾಳೆನೇ ಇದು ಗುಜರಿಗೆ." ಈ ಕಾರನ್ನು ನಾನು ನಿಜವಾಗಿಯೂ ಪ್ರೀತಿಸುತ್ತೇನೆ. ಹಾಗಾಗಿ ಅವರ ಮನೆಯ ಪಕ್ಕದ ದಿಬ್ಬದ ಮೇಲೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ನಿಶ್ಚಿಂತೆಯಿಂದ ಒಬ್ಬಟ್ಟು ತಿಂದೆ.

ಹೊರಗೆ ಬಂದರೆ ದಿಬ್ಬದ ಮೇಲೆ ಕಾರಿಲ್ಲ! ಷಡ್ಡಕರು ನಗುತ್ತಾ ಕೆಳಗೆ ಕೈ ತೋರಿಸಿದರು. "ಬಿಸ್ಲಲ್ಲಿ ಕಾಯ್ತಿತ್ತು ಮೇಷ್ಟ್ರೆ. ಡೋರು ಲಾಕಿರ್ನಿಲ್ಲ. ಕಲ್ಲು ತಗ್ದು ಬ್ರೇಕ್ ಬುಟ್ಟೆ, ತಾನೇ ಓಗಿ ಹುಣಸೆಮರದ್ ನೆಳ್ಳಲ್ಲಿ ನಿಂತ್ಕತು." ಹುಣಸೆಮರದ ಕೆಳಗೆ ನೆಲ ಅಂಗೈಯಷ್ಟು ಸಮ. ನೆಂಟರನ್ನು ಗಾಡಿ ಹತ್ತಿಸದೆ ಬಿಡುವವರಲ್ಲ ಅವರು; ಮನೆಮಂದಿಯೆಲ್ಲ ಹಿಂದೆಯೇ ಬಂದರು. ಸೆಲ್ಫ್ ಕೆಮ್ಮಿತು. ಎಲ್ಲರೂ ಸೇರಿ ಮೂರು ಸಲ ತಳ್ಳಿದರು. ಸರೋಜ ನೋಡುತ್ತಿದ್ದಾಳೆಂಬ ಗಾಬರಿಗೆ ಮೂರು ಸಲವೂ ಕ್ಲಚ್ ಬೇಗ ಬಿಟ್ಟು ಕೆಡಿಸಿದೆ.

"ಇಳೀರಿ," ಎಂದಳು ಸರೋಜ. ಮದುವೆಗೆ ಮುಂಚೆಯೇ ಡ್ರೈವಿಂಗ್ ಕಲಿತವಳು ಅವಳು. ಕಾರು ಕೆಟ್ಟೀತೆಂದು ನಾನೇ ಕೊಟ್ಟಿರಲಿಲ್ಲ. ಸೆರಗು ಸಿಕ್ಕಿಸಿ ಕೂತಳು, ನಾವು ತಳ್ಳಿದೆವು. ಮೊದಲ ಸಲಕ್ಕೇ ಕಾರು ಗುರ್ ಎಂದಿತು. ನಿಲ್ಲಿಸಿದರೆ ಆಫ್ ಆಗುವ ಕಾರು, ಆದ್ದರಿಂದ ಅವಳು ನಿಲ್ಲಿಸಲೇ ಇಲ್ಲ. ತಳ್ಳಿದವರ ಜೊತೆ ನಾನೂ ಧೂಳಿನಲ್ಲೇ ಉಳಿದೆ. ಷಡ್ಡಕರು ಮೊಪೆಡ್ಡು ತಂದು ಹತ್ತಿಸಿಕೊಂಡು, ಮಡಿಲಿಗೆ ಏನೋ ಭಾರವಾದದ್ದನ್ನು ಇಟ್ಟರು. "ನಿಮ್ ಕಲ್ಲು. ಬುಟ್ಟೋಗ್ತಿದ್ರಲ್ಲಾ."

ಮುಂದೆ ಕೆರೆಯೇರಿಯ ಇಳಿಜಾರಿನಲ್ಲಿ ಕಾರು ನಿಂತಿತ್ತು. ಸರೋಜ ಬ್ರೇಕಿನ ಮೇಲೆ ಕಾಲೂರಿ ಕೂತು, ಮುಖವರಳಿಸಿ ಕೇಳಿದಳು: "ಕಲ್ಲು ತಂದ್ರಾ?"

ನಾನು ಬಂದೆನೇ ಎಂದು ಕೇಳಲಿಲ್ಲ. ಆದರೂ ಧೈರ್ಯ ಮಾಡಿ ಗುಜರಿಯ ಮಾತೆತ್ತಿದೆ.

"ಪಾಪ, ಕಾರಿಂದೇನ್ರೀ ತಪ್ಪು?" ಎಂದಳು.

ಕಾರು ಮನೆಯಲ್ಲೇ ಉಳಿದಿದೆ. ಮೊನ್ನೆ ಅರಕಲಗೂಡಿಗೂ ಅವಳೇ ಓಡಿಸಿದಳು. ನಾನು ಪಕ್ಕದಲ್ಲಿ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು, "ಇಳೀರಿ" ಎಂದಾಗ ಇಳಿಯಲು ಸಿದ್ಧನಾಗಿ ಕೂತಿದ್ದೆ.