ಹದಿನೈದು ಆಂಪ್ ಸಂಸಾರ

ಮನುಷ್ಯರಲ್ಲಿ ಇರುವುದು ಎರಡೇ ಜಾತಿ. ಏಸಿ ಓಡುತ್ತಿರುವಾಗ ಕೆಟಲ್ ಹಾಕಬಾರದೆಂದು ತಿಳಿದವರದು ಒಂದು, ಉಳಿದವರದೆಲ್ಲ ಇನ್ನೊಂದು. ಮೊದಲನೆಯ ಜಾತಿಯಲ್ಲಿ, ನಾನು ಕಂಡಮಟ್ಟಿಗೆ, ಸದ್ಯ ನಾನೊಬ್ಬನೇ ಇದ್ದೇನೆ.

ಜೀವಮಾನವೆಲ್ಲ ಪ್ರಯೋಗಾಲಯದಲ್ಲಿ ಗೋಧಿಯ ತೇವಾಂಶ ಅಳೆದು ನಿವೃತ್ತನಾದ ಮೇಲೆ, ಹಾಸಿಗೆ, ಅಡುಗೆಮನೆ, ಬಚ್ಚಲು ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ತಿರುಗುವ ಮೋಟಾರ್‌ಹೋಮ್ ಕೊಂಡೆ. ಹೆಂಡತಿ ಗ್ಲೆನಿಸ್ ಒಂದು ವರ್ಷ ನೋಡೋಣ ಎಂದಿದ್ದಳು. ಬುದ್ಧಿ ಇದ್ದವರೆಲ್ಲ ತಂಪು ಕಾಲದಲ್ಲಿ ಉತ್ತರ ಆಸ್ಟ್ರೇಲಿಯಾದ ಕ್ಯಾಥರೀನ್ ಎಂಬ ಸೆಖೆಯ ಊರು ನೋಡಿಕೊಂಡು ದಕ್ಷಿಣಕ್ಕೆ ಮರಳುತ್ತಾರೆ. ನಾವು ತಲುಪಿದ್ದು ಅಕ್ಟೋಬರಿನಲ್ಲಿ, ಮಳೆ ಬರುತ್ತೇನೆಂದು ಹೆದರಿಸುತ್ತಲೇ ಬಾರದಿರುವ ಕಾಲದಲ್ಲಿ. ದಾರಿಯುದ್ದಕ್ಕೂ ನಾನು ವೈರುಗಳನ್ನು ಅಚ್ಚುಕಟ್ಟು ಮಾಡುತ್ತಾ ಬಂದದ್ದರಿಂದ ತಡವಾಯಿತು. (ನಮ್ಮ ಗಾಡಿಯಲ್ಲಿ ಒಂದು ವೈರೂ ಕಣ್ಣಿಗೆ ಬೀಳುವುದಿಲ್ಲ. ಆಲಿಸ್ ಸ್ಪ್ರಿಂಗ್ಸ್‌ನ ಚಳಿ ಮುಗಿದಾಗ, ಹಾಸಿಗೆಯಡಿಯ ಕರೆಂಟ್ ಕಂಬಳಿಯನ್ನು ತೆಗೆದು, ಧೂಳು ಕೊಡವಿ, ಮತ್ತೆ ಹಾಸಿ, ಅದರ ಎರಡು ವೈರುಗಳನ್ನೂ ಪ್ಲಾಸ್ಟಿಕ್ ಪಟ್ಟಿಯಿಂದ ಜಡೆಯಂತೆ ಬಿಗಿದಿದ್ದೇನೆ. ಇಂಥ ಕೆಲಸವನ್ನು ಯಾರೂ ಹೊಗಳುವುದಿಲ್ಲ.)

ಇನ್ನು ವಿದ್ಯುತ್ತಿನ ವಿಚಾರ. ಇಂಥ ಗಾಡಿಗಳು ತಂಗುವ ಈ ಪಾರ್ಕಿನ ಕರೆಂಟ್ ಕಂಬ ನಮಗೆ ಕೊಡುವುದು ಹದಿನೈದು ಆಂಪ್. ಏಸಿ ಪೂರ್ತಿ ಓಡಿದರೆ ಎಂಟು, ಕೆಟಲ್ ಹತ್ತು. ಕೂಡಿಸಿದರೆ ಹದಿನೆಂಟು. ಇದು ಬಾಲವಾಡಿಯ ಗಣಿತ. ಆದರೂ ಈ ಪಾರ್ಕಿನಲ್ಲಿ ದಿನವೂ ಯಾರಾದರೊಬ್ಬರು ಕಂಬದ ಟ್ರಿಪ್ ಸ್ವಿಚ್ಚು ಹುಡುಕುತ್ತಾ ಚಡ್ಡಿಯಲ್ಲಿ ಓಡುತ್ತಿರುತ್ತಾರೆ. ನನ್ನ ರಾಜ್ಯದಲ್ಲಿ ಹಾಗಾಗಬಾರದೆಂದು ಒಂದು ಶಾಸನ ತಂದೆ: ಒಂದು ಸಲಕ್ಕೆ ಒಂದೇ ಯಂತ್ರ. ಅದರ ರಾಜಮುದ್ರೆ ಬಟ್ಟೆ ಒಣಹಾಕುವ ಒಂದು ಕೆಂಪು ಕ್ಲಿಪ್ಪು. ಅದು ಯಾವ ಯಂತ್ರದ ಮೇಲಿದೆಯೋ ಅದಕ್ಕೆ ಮಾತ್ರ ಓಡುವ ಹಕ್ಕು.

"ಆ ಕ್ಲಿಪ್ಪು ಏಸಿ ಬಿಟ್ಟು ಬೇರೆಲ್ಲೂ ಕೂತದ್ದನ್ನ ನಾನು ನೋಡೇ ಇಲ್ವಲ್ಲೋ ಲಿಂಡ್ಸೆ," ಎಂದಳು ಗ್ಲೆನಿಸ್.

"ನನಗೆ ಸೆಖೆ ಆಗ್ತಾ ಇದೆ ಕಣೇ."

"ಹದಿನೇಳು ಡಿಗ್ರಿ! ಹೊರಗಡೆ ಕಾಗೆ ಬಾಯಿ ತೆರ್ಕೊಂಡು ಕೂತಿದೆ, ಇಲ್ಲಿ ನಾನು ಉಣ್ಣೆ ಟೋಪಿ ಹಾಕ್ಕೊಂಡು ಮಲಗ್ತಾ ಇದೀನಿ!"

"ಆ ಥರ್ಮಾಮೀಟರ್ ಸುಳ್ಳು ಹೇಳುತ್ತೆ. ನನ್ನ ಬೆನ್ನು ಸುಳ್ಳು ಹೇಳಲ್ಲ."

ನಿಜಕ್ಕೂ ಪ್ರತಿ ರಾತ್ರಿ ನನ್ನ ಬೆನ್ನು ಕಾವಲಿಯ ಮೇಲಿನ ದೋಸೆಯಂತೆ ಸುಡುತ್ತಿತ್ತು. ನಾನು ಏಸಿಯನ್ನು ಇಳಿಸಿದಷ್ಟೂ ಬೆನ್ನು ಇನ್ನಷ್ಟು ಸುಡುತ್ತಿತ್ತು. ಇಂಥ ವಿಚಿತ್ರಕ್ಕೆ ವಿಜ್ಞಾನದಲ್ಲಿ ಒಂದೇ ವಿವರಣೆ. ಕಂಬದ ವೋಲ್ಟೇಜು ಕುಸಿಯುತ್ತಿದೆ, ಏಸಿ ಸೊರಗುತ್ತಿದೆ. ಕುಸಿಯಲು ಕಾರಣ? ಪಕ್ಕದ ಡ್ಯಾರಿಲ್.

ಡ್ಯಾರಿಲನದು ಗಾಡಿಯಲ್ಲ, ದಿಬ್ಬಣದ ಬಸ್ಸು. ಅದರ ನೆತ್ತಿಯ ಮೇಲೆ ಎರಡು ಏಸಿ. ಒಳಗೆ ಐಸ್ ಮಾಡುವ ಯಂತ್ರ, ಕಾಫಿ ಯಂತ್ರ, ನಾಯಿಗೆ ಪ್ರತ್ಯೇಕ ಫ್ಯಾನು. ಕಂಬದಿಂದ ಬರುವ ಅವನ ವೈರುಗಳು ಕೆಂಪು ಮಣ್ಣಿನಲ್ಲಿ ಲಾರಿ ಹಾಯ್ದ ಹಾವಿನಂತೆ ಬಿದ್ದಿರುತ್ತವೆ. ಓಮನ ನಿಯಮ ಎಂದರೆ ಯಾವುದೋ ಊರಿನ ಮುನಿಸಿಪಾಲಿಟಿಯ ಆಜ್ಞೆ ಎಂದುಕೊಳ್ಳುವ ಪ್ರಾಣಿ ಅದು.

ಅಡುಗೆಗೆ ಗ್ಯಾಸ್ ಇಲ್ಲವೇ ಎಂದು ನೀವು ಕೇಳಬಹುದು. ಇತ್ತು. ಭಾರ ಕಡಿಮೆಯಾಗಲೆಂದು ತೆಗೆಸಿದವನು ನಾನೇ. (ಇದನ್ನು ಗ್ಲೆನಿಸಳ ಮುಂದೆ ಎತ್ತಬೇಡಿ.)

ಮಂಗಳವಾರ ಬೆಳಿಗ್ಗೆ ಕ್ರಾಂತಿಯಾಯಿತು. ಗ್ಲೆನಿಸ್ ಹಲ್ಲು ಕಟಕಟಿಸುತ್ತಾ ಎದ್ದು, ಶಾಸನವನ್ನು ಗಾಳಿಗೆ ತೂರಿ, ಕೆಟಲ್ ಹಾಕಿಯೇಬಿಟ್ಟಳು. ಟಕ್. ಏಸಿ, ಕೆಟಲ್, ದೀಪ ಎಲ್ಲವೂ ಒಟ್ಟಿಗೆ ಕಣ್ಣು ಮುಚ್ಚಿದವು. ನಾನು ಪಟ್ಟೆ ಪೈಜಾಮದಲ್ಲಿ ಕಂಬದ ಕಡೆ ಹೊರಟೆ.

"ಏನ್ ಗುರೂ, ಇವತ್ತು ನಿಂದೇ ಸರದಿನಾ?" ಎಂದ ಡ್ಯಾರಿಲ್, ತನ್ನ ಕಾಫಿ ಹೀರುತ್ತಾ.

ಒಳಗೆ ಬಂದರೆ ಗ್ಲೆನಿಸ್ ಎರಡು ಕೋಟು ಹಾಕಿಕೊಂಡು ಕೂತಿದ್ದಳು. ಕೂಗಾಡಿದ್ದರೆ ನಾನು ನಿಭಾಯಿಸುತ್ತಿದ್ದೆ. ಅವಳು ಮೆಲ್ಲಗೆ ಮಾತಾಡಿದಳು.

"ನೋಡು, ನಾನು ಏನೂ ದೊಡ್ಡದು ಕೇಳ್ತಾ ಇಲ್ಲ. ಬೆಳಿಗ್ಗೆ ನನ್ನ ಕೆಟಲ್‌ನಲ್ಲಿ ಒಂದು ಕಪ್ ಟೀ. ಶನಿವಾರದೊಳಗೆ ಅದಾಗ್ಲಿಲ್ಲ ಅಂದ್ರೆ ಡಾರ್ವಿನ್ ಬಸ್ ಹತ್ತಿ, ಅಲ್ಲಿಂದ ವಿಮಾನದಲ್ಲಿ ಅಕ್ಕನ ಮನೆಗೆ ಹೋಗ್ತೀನಿ. ಈ ಡಬ್ಬಾನ ಮಾರಿಬಿಡು."

ಡಬ್ಬಾ! ಈ ಗಾಡಿಯಲ್ಲಿ ಆಸ್ಟ್ರೇಲಿಯಾದ ಅಂಚನ್ನೆಲ್ಲ ಅವಳ ಜೊತೆ ಸುತ್ತಬೇಕೆಂಬುದು ನನ್ನ ಬಹುದಿನದ ಆಸೆ. ಒಂಟಿಯಾಗಿ ಸುತ್ತುವುದಾದರೆ ನನಗೆ ನಕ್ಷೆ ಓದಿ ಹೇಳುವವರು ಯಾರು, ತಪ್ಪು ಓದಿದೆ ಎಂದು ನಾನು ಬೈಯುವುದು ಯಾರನ್ನು?

ಸಂಜೆ ಐದಕ್ಕೆ ಪಾರ್ಕಿನವರೆಲ್ಲ ಅವರವರ ಮಡಚುವ ಕುರ್ಚಿ, ಅವರವರ ತಣ್ಣನೆಯ ಬಿಯರ್ ಹಿಡಿದು ಮಾವಿನ ಮರದಡಿ ಸೇರುವುದು ವಾಡಿಕೆ. ಅಲ್ಲಿ ನಾನು ಎದ್ದು ನಿಂತು, ವೋಲ್ಟೇಜು ಎಂದರೇನು, ಅದನ್ನು ಕೆಲವು ಪುಣ್ಯಾತ್ಮರು ಹೇಗೆ ಹೀರುತ್ತಾರೆ ಎಂಬುದನ್ನು ಸರಳವಾಗಿ ವಿವರಿಸಿದೆ. ಬಿಯರ್ ಬಿಸಿಯಾಗುವವರೆಗೆ ವಿವರಿಸಿದೆ.

"ಅಂದ್ರೆ ನಿನ್ನ ಬೆನ್ನು ಸುಡೋದಕ್ಕೆ ನಾನು ಕಾರಣ ಅಂತೀಯಾ?" ಎಂದ ಡ್ಯಾರಿಲ್.

"ಹೆಸರು ಹೇಳೋದು ವಿಜ್ಞಾನದ ಪದ್ಧತಿ ಅಲ್ಲ. ಎರಡು ಏಸಿ ಇರೋರು ಅಂತ ಮಾತ್ರ ಹೇಳ್ದೆ."

ಅವನ ಹೆಂಡತಿ ರೇಲೀನ್ ಗ್ಲೆನಿಸಳ ಮುಖ ನೋಡಿದಳು. "ಆಯ್ತು ಬಿಡಪ್ಪ. ಶುಕ್ರವಾರ ರಾತ್ರಿ ನಮ್ಮದನ್ನೆಲ್ಲ ಆಫ್ ಮಾಡ್ತೀವಿ. ಇವಳು ಊರಿಗೆ ಹೋಗೋದು ನಮಗೂ ಬೇಡ."

"ನಾಯಿ ಫ್ಯಾನೂ?" ಎಂದೆ.

"ಫ್ಯಾನೂ," ಎಂದ ಡ್ಯಾರಿಲ್, ಹಲ್ಲು ಕಚ್ಚಿ.

ಶುಕ್ರವಾರ ರಾತ್ರಿ ಅವರು ಕಿಟಕಿ ತೆರೆದು, ಒದ್ದೆ ಟವೆಲ್ ಹೊದ್ದು ಮಲಗಿದರು. ನಾನು ಏಸಿಯನ್ನು ಹದಿನಾರಕ್ಕೆ ಇಳಿಸಿ, ವಿಜಯೋತ್ಸವಕ್ಕೆ ಸಿದ್ಧನಾಗಿ ಮಲಗಿದೆ. ಏನಾಗಿರಬಹುದು ಹೇಳಿ? ಅಂದಿನಷ್ಟು ನನ್ನ ಬೆನ್ನು ಎಂದೂ ಬೆಂದಿರಲಿಲ್ಲ.

ಶನಿವಾರ ಬೆಳಿಗ್ಗೆ ನಾನು ನೇರವಾಗಿ ಡ್ಯಾರಿಲನ ಬಾಗಿಲಿಗೆ ಹೋದೆ. "ಕೊಟ್ಟ ಮಾತಿಗೆ ಒಂದು ಬೆಲೆ ಬೇಡ್ವೇನಯ್ಯಾ? ಕದ್ದು ಏನೋ ಹಾಕಿದ್ದೆ ತಾನೆ?"

ಸೊಳ್ಳೆ ಕಚ್ಚಿ ಅವನ ಮುಖ ಹಲಸಿನ ಹಣ್ಣಿನಂತಾಗಿತ್ತು. "ಬಾ ಮಾರಾಯ, ನಿನ್ನ ಆ ಬಿಸಿ ಎಲ್ಲಿದೆ ತೋರ್ಸು," ಎಂದು ಹೆಂಡತಿಯನ್ನೂ ಕರೆದುಕೊಂಡು ನಮ್ಮ ಗಾಡಿಗೇ ನುಗ್ಗಿದ. ಬಾಗಿಲಲ್ಲೇ ನಿಂತು ಹೌಹಾರಿದ. "ಅಯ್ಯೋ! ಇದು ಮನೆಯೋ, ಮಾಂಸದಂಗಡಿಯ ಫ್ರಿಜ್ಜೋ?"

ಒಳಗೆ ಗ್ಲೆನಿಸ್ ಕೈಗವಸು ಹಾಕಿಕೊಂಡು ಸೂಟ್‌ಕೇಸ್ ತುಂಬುತ್ತಿದ್ದಳು. ರೇಲೀನ್ ಅವಳನ್ನು ಸಮಾಧಾನ ಮಾಡಲೆಂದು ಹಾಸಿಗೆಯಲ್ಲಿ ನಾನು ಮಲಗುವ ಮಗ್ಗುಲಲ್ಲಿ ಕೂತಳು. ಕೂತವಳು ಸ್ಪ್ರಿಂಗಿನಂತೆ ಎದ್ದಳು.

"ಇದೇನೇ ಇದು, ಕೋಳಿ ಕಾವಿಗೆ ಕೂತಿತ್ತಾ ಇಲ್ಲಿ?"

ಗ್ಲೆನಿಸ್ ಕೈಗವಸು ಕಳಚಿ ಮುಟ್ಟಿ ನೋಡಿದಳು. ಆಮೇಲೆ ತಾನು ಮಲಗುವ ಮಗ್ಗುಲು ಮುಟ್ಟಿದಳು. ಅದು ಮಂಜುಗಡ್ಡೆ. ಅವಳ ಮುಖ ನಿಧಾನವಾಗಿ ಬದಲಾಯಿತು.

"ಲಿಂಡ್ಸೆ, ಒಂದು ವಿಷಯ ಹೇಳ್ಬೇಕು. ಚಳಿ ತಡೀಲಾರದೆ ನಾನು ದಿನಾ ರಾತ್ರಿ ಕಂಬಳಿ ಸ್ವಿಚ್ ಹಾಕ್ತಾ ಇದ್ದೆ. ನಿನ್ನ ಕ್ಲಿಪ್ಪನ್ನ ಕೇಳದೇನೇ. ನನ್ನ ಮಗ್ಗುಲಿಂದು ಮಾತ್ರ."

"ಕದ್ದು?"

"ಕದ್ದೇ. ಮೂರಕ್ಕೆ ತಿರುಗಿಸಿದ್ರೂ ಬಿಸಿ ಬರ್ಲಿಲ್ಲ. ನೀನೇ ಹೇಳಿದ್ಯಲ್ಲ, ವೋಲ್ಟೇಜ್ ಇಲ್ಲ ಅಂತ. ನಾನೂ ನಂಬ್ದೆ."

ಡ್ಯಾರಿಲ್ ಹಾಸಿಗೆ ಎತ್ತಿದ. ಕೆಳಗೆ ನನ್ನ ಕೈಕೆಲಸ ಬೆಳಗುತ್ತಿತ್ತು: ಅವಳ ಸ್ವಿಚ್ಚಿನದೊಂದು, ನನ್ನ ಸ್ವಿಚ್ಚಿನದೊಂದು, ಎರಡು ವೈರುಗಳು ಗೇಣಿಗೊಂದು ಪಟ್ಟಿಯಂತೆ ಬಿಗಿದುಕೊಂಡು, ಒಂದನ್ನೊಂದು ಸುತ್ತಿಕೊಂಡು ಬಂದು, ಕೊನೆಯಲ್ಲಿ ಎಡದ್ದು ಬಲಕ್ಕೂ ಬಲದ್ದು ಎಡಕ್ಕೂ ಹೋಗಿದ್ದವು.

ನಾನು ವಿಜ್ಞಾನ ಓದಿದವನು. ಇದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ, ಅದೇ ದುಃಖ. ಅವಳಿಗೆ ಚಳಿಯಾದಾಗ ಅವಳು ನನ್ನನ್ನು ಕಾಯಿಸಿದ್ದಳು. ಕಾದ ನಾನು ಏಸಿ ಇಳಿಸಿ ಅವಳನ್ನು ನಡುಗಿಸಿದ್ದೆ. ನಡುಗಿದವಳು ನನ್ನನ್ನು ಮತ್ತಷ್ಟು ಕಾಯಿಸಿದ್ದಳು. ನಮ್ಮಿಬ್ಬರ ನಡುವೆ ಏಸಿ ಗಾಣದ ಎತ್ತಿನಂತೆ ರಾತ್ರಿಯಿಡೀ ಸುತ್ತಿ, ಎಂಟು ಆಂಪ್ ತಿಂದು, ಬೆಳಗಿನ ಟೀಯನ್ನು ನುಂಗಿತ್ತು. ವೋಲ್ಟೇಜು ಪಾಪ, ಇದ್ದಲ್ಲೇ ಇತ್ತು.

ಕಂಬಳಿ ಅಟ್ಟ ಸೇರಿತು. ಏಸಿ ಇಪ್ಪತ್ತೈದಕ್ಕೆ ಏರಿ, ಮೂರೇ ಆಂಪಿನಲ್ಲಿ ಹಾಯಾಗಿ ಗುನುಗತೊಡಗಿತು. ಗ್ಲೆನಿಸ್ ಕೆಟಲ್ ಹಾಕಿದಳು. ನಾಲ್ವರೂ ಉಸಿರು ಬಿಗಿಹಿಡಿದೆವು. ಟಕ್ ಎನ್ನಲಿಲ್ಲ. ನೀರು ಕುದಿಯಿತು. ಅವಳು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಮೊದಲ ಗುಟುಕು ಕುಡಿದು, ಕಾಲಿನಿಂದ ಸೂಟ್‌ಕೇಸನ್ನು ಮೆಲ್ಲಗೆ ಮಂಚದಡಿಗೆ ತಳ್ಳಿದಳು. ನನಗೆ ಹೋದ ಜೀವ ಬಂದಂತಾಯಿತು.

ಸಂಜೆ ಮಾವಿನ ಮರದಡಿ ಕಥೆ ನಮಗಿಂತ ಮುಂಚೆಯೇ ಬಂದು ಕುರ್ಚಿ ಹಾಕಿಕೊಂಡಿತ್ತು. ಗ್ಲೆನಿಸ್ ಮರದ ಪಕ್ಕದ ಪಾರ್ಕಿನ ಅಡುಗೆ ಕಟ್ಟೆಯಲ್ಲಿ ಕೆಟಲ್ ಇಟ್ಟು ಎಲ್ಲರಿಗೂ ಟೀ ಮಾಡುತ್ತಿದ್ದಳು.

"ಗುರೂ, ಇವತ್ತು ಹಾಸಿಗೆ ಹವಾಮಾನ ಹೇಗಿದೆ?" ಎಂದ ಡ್ಯಾರಿಲ್, ಮುಖ ಕೆರೆದುಕೊಳ್ಳುತ್ತಾ.

ಸತ್ಯಕ್ಕೆ ಎರಡು ಮುಖವಿರುತ್ತದೆ, ಇನ್ನೊಂದನ್ನೂ ಇವರು ತಿಳಿಯಲಿ ಎಂದು ನಾನು ಎದ್ದು ನಿಂತೆ. "ಸ್ನೇಹಿತರೇ, ವೈರು ಅದಲುಬದಲಾದದ್ದು ನಿಜ. ಆದ್ರೆ ಕಟ್ಟಿದ ಅಚ್ಚುಕಟ್ಟು ಮಾತ್ರ..."

ಗ್ಲೆನಿಸ್ ಜೇಬಿನಿಂದ ಕೆಂಪು ಕ್ಲಿಪ್ಪನ್ನು ತೆಗೆದು ಕೆಟಲಿನ ಹಿಡಿಗೆ ಸಿಕ್ಕಿಸಿದಳು.

"ಒಂದು ಸಲಕ್ಕೆ ಒಂದೇ ಯಂತ್ರ, ಲಿಂಡ್ಸೆ. ಈಗ ಕೆಟಲ್ ಓಡ್ತಾ ಇದೆ. ನೀನು ಆಫ್ ಆಗು."