ಹಳೇ ಕಾಲದ ಹೂವು

ಹೆಣ್ಣು ನೋಡಲು ಹೋಗಿ ಹೂವನ್ನು ಮಾತ್ರ ನೋಡಿಕೊಂಡು ಬಂದ ಗಂಡೊಬ್ಬ ಈ ಭೂಮಿಯ ಮೇಲಿದ್ದಾನೆ ಎಂದರೆ ನಂಬುತ್ತೀರಾ? ಆ ಮಹಾನುಭಾವ ನನ್ನ ಹೆಂಡತಿಯ ತಮ್ಮ. ಪಕ್ಕದಲ್ಲಿ ಕೂತು ಬೆವೆತವನು ನಾನು.

ಎಪ್ಪತ್ತರ ದಶಕದಲ್ಲಿ ತಿಲಕ್ ನಗರದಲ್ಲಿ ನಾನೊಂದು ಲೇತ್ ಅಂಗಡಿ ಹಾಕಿದೆ. ಯಾರ ಕೈಕಾಲೂ ಹಿಡಿಯದೆ ಎಬ್ಬಿಸಿದ ಅಂಗಡಿ. ಆ ಜಂಬದಲ್ಲೇ, "ಹುಡುಗನ್ನ ನನಗೆ ಬಿಡಿ, ಓದಿಸಿ ಕೆಲಸಕ್ಕೆ ಸೇರಿಸ್ತೀನಿ" ಎಂದು ಮಾವನ ಮುಂದೆ ಎದೆ ತಟ್ಟಿ ಅವನನ್ನು ಕರೆತಂದೆ. ಎಂಜಿನಿಯರ್ ಆಗುತ್ತಾನೆಂದು ನನ್ನ ಲೆಕ್ಕ. ಒಂದು ಸಂಜೆ ಬಂದವನೇ, "ಭಾವ, ಬಾಟನಿ ತಗೊಂಡೆ" ಎಂದ.

"ಒಳಗೆ ಕೊಡು, ನಿಮ್ಮಕ್ಕ ಸಾಗು ಮಾಡ್ತಾಳೆ" ಎಂದೆ.

ನನ್ನ ಕಿವಿಗೆ ಬಿದ್ದದ್ದು ಬಟಾಣಿ. ಗಿಡಮರ ಓದುವುದಕ್ಕೂ ಕಾಲೇಜು ಇದೆಯೆಂದು ತಿಳಿದು ನಾನು ಬಾಯಿ ಬಿಟ್ಟವನು ಮುಚ್ಚಿದ್ದು ಊಟದ ಹೊತ್ತಿಗೆ.

ಬಿಟಿಎಂ ಲೇಔಟಿನಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಭಾನುವಾರ ಬಂತೆಂದರೆ ಅಲ್ಲಿಂದ ಹೊರೆಗಟ್ಟಲೆ ಕಳೆ ತರುತ್ತಿದ್ದ. ಒಂದು ವಾರ ನನಗೆ ಮೈಯೆಲ್ಲ ತುರಿಕೆ. ಹಾಸಿಗೆ ಎತ್ತಿದರೆ ಕೆಳಗೆ ಹಳೇ ಪೇಪರು, ಪೇಪರಿನ ನಡುವೆ ಸಾಲಾಗಿ ಮಲಗಿದ ಗಿಡಗಳು!

"ಏನೋ ಇದು?"

"ಒತ್ತಿ ಒಣಗಿಸ್ಬೇಕು ಭಾವ. ಮನೇಲಿ ನೀವೇ ಭಾರ ಇರೋರು."

ಎಂ.ಎಸ್ಸಿ. ಮುಗಿಯಿತು, ಕೆಲಸ ಮಾತ್ರ ಇಲ್ಲ. ಬೀದಿಯವರೆಲ್ಲ, "ಲಾಲ್‌ಬಾಗಲ್ಲಿ ನೀರು ಹಾಕೋಕೆ ಇಷ್ಟು ಓದ್ಬೇಕಾ?" ಎಂದು ಕೇಳುವವರೇ. ಮಾವನಂತೂ, ಯುಗಾದಿಯೊಳಗೆ ಕೆಲಸವಾಗದಿದ್ದರೆ ಊರಿಗೆ ಎಳೆದುಕೊಂಡು ಹೋಗಿ ರೇಷ್ಮೆಗೂಡಿನ ವ್ಯಾಪಾರಕ್ಕೆ ಕೂರಿಸುತ್ತೇನೆ ಎಂದುಬಿಟ್ಟರು. ಅವನು ಅನ್ನ ಬಿಟ್ಟ. ನನಗೋ ಕೊಟ್ಟ ಮಾತಿನ ಚಿಂತೆ.

ಈ ನಡುವೆಯೇ ನನ್ನ ಹೆಂಡತಿ ಬನಶಂಕರಿಯಲ್ಲಿ ಒಂದು ಹೆಣ್ಣು ಗೊತ್ತು ಮಾಡಿದಳು. ನೋಡಲು ಹೋದಾಗ ಹುಡುಗಿ ಜಡೆಗೆ ಸಂಪಿಗೆ ಮುಡಿದು, ಕಾಫಿ ತಂದಿಟ್ಟಳು. ಇವನು ಮೆಲ್ಲಗೆ, "ಆ ಹೂವು ಒಂದು ಕೊಡ್ತೀರಾ?" ಎಂದ. ಹಿರಿಯರ ಮುಖವೆಲ್ಲ ಅರಳಿತು. ಪರವಾಗಿಲ್ಲ, ರಸಿಕ ಎಂದುಕೊಂಡೆ. ಹುಡುಗಿ ನಾಚಿಕೊಂಡು ಕೊಟ್ಟಳು. ನಮ್ಮವನು ಜೇಬಿನಿಂದ ಅರ್ಧ ಬ್ಲೇಡು ತೆಗೆದು ಹೂವನ್ನು ಉದ್ದಕ್ಕೆ ಸೀಳಿದ. ಮುತ್ತೈದೆಯರ ಮನೆಯಲ್ಲಿ, ಮುಡಿದ ಹೂವನ್ನು!

"ನೋಡಿ, ಇದು ತುಂಬಾ ಹಳೇ ಕಾಲದ ಹೂವು" ಎಂದು ಎಲ್ಲರಿಗೂ ತೋರಿಸಿದ.

ಹುಡುಗಿಯ ತಾಯಿಗೆ ಸಿಟ್ಟು ಬಂತು. "ಹಳೇದ್ಯಾಕಿರುತ್ತೆ? ಬೆಳಿಗ್ಗೆ ತಾನೇ ಗಾಂಧಿ ಬಜಾರಿಂದ ತಂದಿದ್ದು."

ಸಂಪಿಗೆಯ ಜಾತಿಯೇ ಕೋಟ್ಯಂತರ ವರ್ಷ ಹಳೆಯದು ಎಂದು ಅವನು ಹೇಳಿದ್ದೆಂದು ನನಗೂ ತಿಳಿದದ್ದು ಆಮೇಲೆ. ಹುಡುಗಿಯ ತಂದೆ ಗಂಟಲು ಸರಿಮಾಡಿಕೊಂಡು, "ಏನ್ ಕೆಲಸದಲ್ಲಿದೀರಿ?" ಎಂದರು.

"ಹುಡುಕ್ತಾ ಇದೀನಿ ಸಾರ್."

"ಕೆಲಸಾನೋ, ಗಿಡಾನೋ?"

ಕೆಲಸ ಸಿಕ್ಕ ಮೇಲೆ ಬನ್ನಿ ಎಂದು ಮರ್ಯಾದೆಯಿಂದಲೇ ಕಳಿಸಿಕೊಟ್ಟರು.

ಯುಗಾದಿಗೆ ಇನ್ನೇನು ಎನ್ನುವಾಗ ಜಯನಗರದ ಒಂದು ಕಾಲೇಜಿನಲ್ಲಿ ಅವನಿಗೆ ಮೇಷ್ಟ್ರ ಕೆಲಸವಾಯಿತು. ನಿಜವೋ ಸುಳ್ಳೋ ಕಣ್ಣಾರೆ ನೋಡಿಯೇ ಮಾವನಿಗೆ ಹೇಳೋಣವೆಂದು ಹೋದೆ. ಲ್ಯಾಬಿನ ಬಾಗಿಲಲ್ಲಿ ಎಣ್ಣೆ ಕಲೆಯ ಅಂಗಿಯಲ್ಲಿ ನಿಂತಿದ್ದ ನನ್ನನ್ನು ಕಂಡದ್ದೇ ಅವನು ಪಾಠ ನಿಲ್ಲಿಸಿದ.

"ಒಳಗೆ ಬನ್ನಿ ಭಾವ."

"ಬೇಡಪ್ಪ, ಹೊರಗಿರ್ತೀನಿ."

ಕೈ ಹಿಡಿದು ಕರೆದೊಯ್ದು ಹುಡುಗರ ನಡುವೆ ಕೂರಿಸಿದ. "ಇವರು ನಮ್ಮ ಭಾವ. ನನ್ನ ಓದಿಸಿದೋರು" ಎಂದ. ಹುಡುಗರೆಲ್ಲ ಎದ್ದು ನಿಂತರು. ಶಾಲೆ ಬಿಟ್ಟ ಮೇಲೆ ನಾನು ಬೆಂಚಿನ ಮೇಲೆ ಕೂತದ್ದು ಅದೇ ಮೊದಲು. ನನ್ನ ಮುಂದೆ ಮೈಕ್ರೋಸ್ಕೋಪ್ ಎಳೆದು, "ಒಂದು ಕಣ್ಣು ಮುಚ್ಚಿ ನೋಡಿ" ಎಂದ.

ನೋಡಿದೆ. "ಮಂಜು ಮಂಜಾಗಿದೆ ಕಣೋ."

ತಿರುಪು ತಿರುಗಿಸಿದ. "ಈಗ?"

"ಈಗಲೂ ಹಾಗೇ."

ಅವನು ಮತ್ತೆ ತಿರುಗಿಸಲು ಹೋದ. ನಾನು ಅವನ ಕೈ ಹಿಡಿದುಕೊಂಡೆ. ಮೆಷಿನ್ನು ಸರಿಯಾಗಿಯೇ ಇತ್ತು.